ವಾಸಿಯಾದವರು ಮರಳುವ ಊರು

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿ ಹೋಲಿ ಕ್ರಾಸ್ ಸಿಸ್ಟರುಗಳು ನಡೆಸುವ ಆಸ್ಪತ್ರೆಯ ಮುಂದೆ ಬೆಳಿಗ್ಗೆ ಚೀಟಿ ಹಿಡಿದು ಕೂತವರನ್ನು ನೋಡಿದರೆ ಸಾಕು, ಈ ಸೀಮೆ ಎಂಥದ್ದೆಂದು ತಿಳಿಯುತ್ತದೆ. ಮಾದಪ್ಪನ ಒಕ್ಕಲು, ಸಿದ್ದಪ್ಪಾಜಿಯ ಒಕ್ಕಲು, ಮಾರ್ಟಳ್ಳಿ ಕಡೆಯ ತಮಿಳು ಮಾತಾಡುವ ಕ್ರೈಸ್ತರು, ಪೋಡುಗಳಿಂದ ಇಳಿದು ಬಂದ ಸೋಲಿಗರು, ಒಡೆಯರಪಾಳ್ಯದ ಟಿಬೆಟಿಯನ್ನರು. 1956ರ ರಾಜ್ಯ ವಿಂಗಡಣೆಯವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಅದರಿಂದ ಬೇರೆಯಾಗಿ ತಾಲ್ಲೂಕಾದದ್ದು ಈಚಿನ ಮಾತು. ಪಕ್ಕದ ಯಳಂದೂರು ಮಾತ್ರ ಮೊದಲಿಂದಲೂ ಮೈಸೂರು ಸೀಮೆಯದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಮೂರು ತಾಲ್ಲೂಕು, ಎರಡು ಮೂರು ಭಾಷೆ, ಹಲವು ದೇವರು, ಕಾಯಿಲೆಗಳು ಮಾತ್ರ ಒಂದೇ.

ನಾನು ನರ್ಸಿಂಗ್ ಕಲಿತು, ಯೇಸುವಿನ ಹೆಸರಿನಲ್ಲಿ ರೋಗಿಗಳ ಸೇವೆ ಮಾಡಬೇಕೆಂದು ಈ ಕಡೆಗೆ ಬಂದವಳು. ಚಿಕ್ಕ ಚಿಕ್ಕ ಸಂಸ್ಥೆಗಳಲ್ಲಿ ದುಡಿದೆ, ಹೆಚ್ಚಿನ ಕಾಲ ಹಳ್ಳಿಗಳಲ್ಲೇ ತಿರುಗಿದೆ. ಹೊಸದಾಗಿ ಕೆಲಸಕ್ಕೆ ಬರುವ ಹುಡುಗಿಯರು "ಏನು ಕಲಿತಿರಿ ಸಿಸ್ಟರಮ್ಮ, ಹೇಳಿ" ಎಂದು ಕೇಳುತ್ತಾರೆ. ಅವರಿಗಾಗಿ ಬರೆದದ್ದು ಇದು. ಇದರಲ್ಲಿರುವುದು ಬಹುಪಾಲು ನನ್ನಿಂದ ಆಗದೆ ಹೋದ ಕೆಲಸಗಳ ಲೆಕ್ಕ.

1. ಮಗು ವಾಸಿಯಾಗಿ ಹೋಗುವುದು ಅದೇ ನೀರಿನ ಬಳಿಗೆ

ಭೇದಿಯಾಗಿ ಕಣ್ಣು ಒಳಗೆ ಹೋಗಿದ್ದ ಒಂದು ಮಗುವನ್ನು ಅದರ ತಾಯಿ ತಂದಿದ್ದಳು. ಡ್ರಿಪ್ ಹಾಕಿದೆವು, ಓಆರ್‌ಎಸ್ ಕುಡಿಸಿದೆವು, ಮಗು ಚೇತರಿಸಿಕೊಂಡು ಮನೆಗೆ ಹೋಯಿತು. ನಾವು ಕೈ ಮುಗಿದು ದೇವರಿಗೆ ಸ್ತೋತ್ರ ಹೇಳಿದೆವು. ಕೆಲವೇ ದಿನಗಳಲ್ಲಿ ಅದೇ ಮಗು ಅದೇ ಸ್ಥಿತಿಯಲ್ಲಿ ಮತ್ತೆ ಬಂತು. ಆಗ ವಾರ್ಡಿನಲ್ಲಿ ಎಲ್ಲರೂ ಕೇಳುವ ಹಾಗೆ ನಾನು ಆ ತಾಯಿಗೆ ಬೈದೆ. ನೀರು ಕಾಯಿಸಿ ಕುಡಿಸು ಎಂದು ಹೇಳಿರಲಿಲ್ಲವೇ, ಮಗುವಿನ ಮೇಲೆ ಇಷ್ಟೂ ಕರುಣೆ ಇಲ್ಲವೇ ಎಂದೆ. ಅವಳು ತಲೆ ತಗ್ಗಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವಳ ಕೇರಿಗೆ ನಾನು ಹೋದದ್ದು ಬಹಳ ತಡವಾಗಿ. ಕೇರಿಯ ಕೈಪಂಪು ಕೆಟ್ಟು ನಿಂತಿತ್ತು. ಮೇಲಿನ ಬೀದಿಯ ತೊಂಬೆಯ ಹತ್ತಿರ ಕೇರಿಯ ಹೆಂಗಸರು ಬಿಂದಿಗೆ ಇಟ್ಟುಕೊಂಡು, ಮಿಕ್ಕವರದೆಲ್ಲ ಮುಗಿಯಲಿ ಎಂದು ದೂರ ನಿಲ್ಲುತ್ತಿದ್ದರು. ಬಿಸಿಲೇರಿ ಕೂಲಿಗೆ ಹೊತ್ತಾದರೆ ಹಳ್ಳದ ಒರತೆಯ ನೀರೇ ಗತಿ. ಕಾಯಿಸಲು ಸೌದೆಗೆ ಕಾಡಿಗೆ ಹೋಗಬೇಕು. ಕಾಡಿಗೆ ಹೋದರೆ ಗಾರ್ಡು ಹಿಡಿಯುತ್ತಾನೆ. ತಂದ ಪುಳ್ಳೆ ಒಂದು ಹೊತ್ತಿನ ಮುದ್ದೆಗೆ ಸಾಲುತ್ತಿತ್ತು. ಇಷ್ಟನ್ನೂ ಹೊತ್ತುಕೊಂಡು ಬಂದವಳಿಗೆ ನಾನು ಕರುಣೆಯ ಪಾಠ ಹೇಳಿದ್ದೆ.

ಮಹಾರಾಷ್ಟ್ರದ ಜಾಮಖೇಡದ ವಿಷಯ ಓದಿದ್ದು ಆಮೇಲೆ. ರಜನಿಕಾಂತ್ ಆರೋಳೆ ಮತ್ತು ಮೇಬೆಲ್ ಆರೋಳೆ ವೆಲ್ಲೂರಿನ ಮಿಷನ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಕ್ರೈಸ್ತ ದಂಪತಿ. 1970ರಲ್ಲಿ ಬರ ಬಿದ್ದ ಆ ಸೀಮೆಗೆ ಹೋಗಿ, ಓದು ಬಾರದ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಅವರಲ್ಲಿ ದಲಿತ ಹೆಂಗಸರು ಬಹಳ ಮಂದಿ. ಕುಡಿಯುವ ನೀರಿನ ಕೊಳವೆಬಾವಿಯನ್ನು ದಲಿತ ಕೇರಿಯಲ್ಲೇ ಕೊರೆಸಿದರು. ನೀರು ಬೇಕಾದರೆ ಊರಿನವರೆಲ್ಲ ಅಲ್ಲಿಗೇ ಬರಬೇಕಾಯಿತು. ಅದೇ ಕಾಲದಲ್ಲಿ ಜಗತ್ತಿನ ಕ್ರೈಸ್ತ ಸಭೆಗಳ ಒಕ್ಕೂಟವೂ ಇದೇ ಪ್ರಶ್ನೆಯ ಮುಂದೆ ಕೂತಿತ್ತು. 1964ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಸೇರಿದ ಸಭೆಯ ಜನರು, ಗುಣಪಡಿಸುವ ಕೆಲಸವನ್ನು ಆಸ್ಪತ್ರೆಯ ಗೋಡೆಯೊಳಗೆ ಡಾಕ್ಟರುಗಳಿಗೆ ಬಿಟ್ಟುಕೊಟ್ಟದ್ದು ಸರಿಯೇ, ಇಡೀ ವಿಶ್ವಾಸಿಗಳ ಸಮುದಾಯದ ಕೆಲಸವಲ್ಲವೇ ಅದು ಎಂದು ಕೇಳಿಕೊಂಡರು. 1968ರಲ್ಲಿ ಒಕ್ಕೂಟದ ಕ್ರೈಸ್ತ ವೈದ್ಯಕೀಯ ಆಯೋಗ ಹುಟ್ಟಿತು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸಿಗಬೇಕೆಂದ 1978ರ ಆಲ್ಮಾ ಆಟಾ ಘೋಷಣೆಯ ಹಿಂದೆ ಆ ಆಯೋಗದ ಚಿಂತನೆಯೂ ಇತ್ತು. ಹನೂರಿನಲ್ಲೂ ಹೋಲಿ ಕ್ರಾಸ್ ಸಿಸ್ಟರುಗಳು ಆಸ್ಪತ್ರೆಯ ಹೊರಗೆ ಬಂದು ಹಳ್ಳಿಯ ಹೆಂಗಸರ ಜೊತೆ ಸಮುದಾಯ ಆರೋಗ್ಯದ ಕೆಲಸ ಕಟ್ಟಿದರು. ಇಷ್ಟು ಹತ್ತಿರದಲ್ಲೇ ನಡೆದದ್ದನ್ನು ನಾನು ನೋಡದೆ, ವಾರ್ಡಿನಲ್ಲಿ ನಿಂತು ತಾಯಂದಿರಿಗೆ ಬೈಯುತ್ತಿದ್ದೆ.

2. ಪ್ರಾರ್ಥನೆಯನ್ನು ಮಾತ್ರೆಯ ಎದುರಿಗೆ ನಿಲ್ಲಿಸಬೇಡಿ

ಫಿಟ್ಸ್ ಬರುತ್ತಿದ್ದ ಒಬ್ಬ ಹುಡುಗ ನಮ್ಮಲ್ಲಿ ಮಾತ್ರೆ ತೆಗೆದುಕೊಂಡು ಚೆನ್ನಾಗಿದ್ದ. ಮನೆಯವರು ಅವನನ್ನು ಯಾವುದೋ ಸ್ವಸ್ಥತೆಯ ಪ್ರಾರ್ಥನಾ ಕೂಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ತಲೆಯ ಮೇಲೆ ಕೈಯಿಟ್ಟು, ಇವನು ಬಿಡುಗಡೆಯಾದ, ಇನ್ನು ಮಾತ್ರೆ ತೆಗೆದುಕೊಂಡರೆ ಅದು ಅವಿಶ್ವಾಸ ಎಂದರಂತೆ. ತಾಯಿ ಬಂದು ನನ್ನನ್ನು ಕೇಳಿದಳು. ನನಗೆ ಉತ್ತರ ಗೊತ್ತಿತ್ತು. ಆದರೂ ನಮ್ಮವರೇ ಹೇಳಿದ್ದನ್ನು ನಾನು ಅಲ್ಲಗಳೆದರೆ ಇವಳ ನಂಬಿಕೆ ಅಲುಗೀತು ಎಂದು "ನೋಡಿಕೊಂಡು ಮಾಡಿ" ಎಂದಷ್ಟೇ ಹೇಳಿದೆ. ಮಾತ್ರೆ ನಿಂತಿತು. ಹುಡುಗ ಒಲೆಯ ಮುಂದೆ ಕೂತಿದ್ದಾಗ ಫಿಟ್ಸ್ ಬಂದು ಕೈ ಸುಟ್ಟುಕೊಂಡ. ಬೆರಳುಗಳು ಅಂಟಿಕೊಂಡವು.

ನಾನು ಈಗಲೂ ರೋಗಿಗಳಿಗಾಗಿ ಪ್ರಾರ್ಥಿಸುತ್ತೇನೆ. ಪ್ರಾರ್ಥನೆಯಿಂದ ಮನುಷ್ಯರು ಎದ್ದು ಕೂತದ್ದನ್ನು ಕಂಡಿದ್ದೇನೆ. ದೇವರು ಮಾತ್ರೆಯ ಮೂಲಕ ಕೆಲಸ ಮಾಡಲಾರ ಎನ್ನುವವರಿಗೆ ಈ ನಾಡಿನದೇ ಒಂದು ಚರಿತ್ರೆ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ, ಸಿಡುಬಿನ ಲಸಿಕೆ ಆಗಷ್ಟೇ ಹೊಸದಾಗಿದ್ದಾಗ ಊರೂರು ತಿರುಗಿ ಅದನ್ನು ಹಾಕಿಸಿದರು. 1803–04ರ ಹೊತ್ತಿನಲ್ಲಿ ಅವರಿಂದಾಗಿ ಲಸಿಕೆ ಪಡೆದವರು 25 ಸಾವಿರಕ್ಕೂ ಹೆಚ್ಚು. ದಿನವೂ ಪೂಜೆ ಮಾಡಿ ಪ್ರಾರ್ಥಿಸುತ್ತಿದ್ದ ಗುರುವೇ ಅವರು.

ಇದರ ಜೊತೆಗೇ ಇನ್ನೊಂದು ಮಾತು ಸೇರಿಸಬೇಕು. ಗುಣವಾದವರು ಚರ್ಚಿಗೆ ಬರಲಿ ಎಂದು ನಾನು ಒಳಗೊಳಗೆ ಕಾಯುತ್ತಿದ್ದೆ. ಬಾರದವರ ಮನೆಗೆ ನನ್ನ ಭೇಟಿ ಕಡಿಮೆಯಾಗುತ್ತಿತ್ತು. ಒಬ್ಬ ಅಜ್ಜಿ ಅದನ್ನು ಗುರುತಿಸಿ "ನಾನು ಮಾದಪ್ಪನ ಬಿಡಲ್ಲ ಕನವ್ವ, ಅದ್ಕೇ ನೀನು ಬರದ್ ಬಿಟ್ಟಿದ್ದೀಯಾ?" ಎಂದು ನೇರ ಕೇಳಿದರು. ಯೇಸು ಗುಣಪಡಿಸಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ತಿರುಗಿ ಬಂದವನು ಒಬ್ಬನೇ. ಮಿಕ್ಕ ಒಂಬತ್ತು ಮಂದಿಯ ಚರ್ಮಕ್ಕೆ ರೋಗ ಮರಳಲಿಲ್ಲ. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧದ ಕಾಯ್ದೆ ಬಂದಾಗ ಸೇವೆಯನ್ನೇ ಆಮಿಷವೆಂದು ನೋಡುವ ಕಣ್ಣು ಹೆಚ್ಚಾಯಿತು. ನಮ್ಮಲ್ಲಿ ಅನೇಕರಿಗೆ ನೋವಾಯಿತು. ನನಗೂ ಆಯಿತು. ಆದರೆ ಆ ಅಜ್ಜಿಯ ಪ್ರಶ್ನೆಗೆ ಯಾವ ಕಾಯ್ದೆಯೂ ಬೇಕಿರಲಿಲ್ಲ.

3. ಕುಷ್ಠ ಹೋದ ಮೇಲೂ ತಟ್ಟೆ ಬೇರೆಯೇ ಇರುತ್ತದೆ

ಯಳಂದೂರು ತಾಲ್ಲೂಕಿನಲ್ಲಿ ಒಂದು ಕಾಲಕ್ಕೆ ಕುಷ್ಠರೋಗ ಬಹಳ ಇತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದ ಡಾ. ಎಚ್. ಸುದರ್ಶನ್, ಆಮೇಲೆ ಕರುಣಾ ಟ್ರಸ್ಟ್ ಮೂಲಕ ಬಯಲಿನ ಹಳ್ಳಿಗಳಲ್ಲಿ ಆ ರೋಗದ ಬೆನ್ನು ಹತ್ತಿದರು. ಬಹು ಔಷಧ ಚಿಕಿತ್ಸೆ ಬಂದಮೇಲೆ ರೋಗ ಇಳಿಯಿತು. ನಾನೂ ಮಾತ್ರೆಯ ಪೊಟ್ಟಣ ಹಿಡಿದು ಮನೆಮನೆಗೆ ಹೋದವಳೇ. ಕೋರ್ಸು ಮುಗಿಸಿದ ಒಬ್ಬಾತನ ಕೈಗೆ "ರೋಗಮುಕ್ತ" ಎಂದು ಬರೆದ ಕಾಗದ ಕೊಟ್ಟು ಖುಷಿಯಿಂದ ಬಂದಿದ್ದೆ. ಮತ್ತೆ ಹೋದಾಗ ಅವನು ಇನ್ನೂ ಕೊಟ್ಟಿಗೆಯ ಪಕ್ಕದಲ್ಲೇ ಮಲಗುತ್ತಿದ್ದ. ತಟ್ಟೆ, ಲೋಟ ಬೇರೆ. ಮೊಮ್ಮಗುವನ್ನು ಮುಟ್ಟುವಂತಿರಲಿಲ್ಲ. ಕಾಗದ ಮಡಿಸಿ ಜೇಬಿನಲ್ಲಿಟ್ಟುಕೊಂಡಿದ್ದ. ಅದನ್ನು ಓದುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಸುವಾರ್ತೆಯಲ್ಲಿ ಯೇಸು ಕುಷ್ಠರೋಗಿಯನ್ನು ಮೊದಲು ಮುಟ್ಟುತ್ತಾನೆ, ಆಮೇಲೆ ಯಾಜಕನ ಬಳಿಗೆ ಹೋಗಿ ತೋರಿಸಿಕೋ ಎಂದು ಕಳಿಸುತ್ತಾನೆ. ಆ ಎರಡನೆಯ ಮಾತನ್ನು ನಾನು ಎಷ್ಟೋ ವರ್ಷ ಓದಿದ್ದರೂ ಅದರ ಮೇಲೆ ನಿಂತಿರಲಿಲ್ಲ. ರೋಗಿಯನ್ನು ಊರ ಹೊರಗೆ ಹಾಕುವ ಅಧಿಕಾರ ಯಾಜಕನದ್ದು, ಒಳಗೆ ಕರೆದುಕೊಳ್ಳುವ ಅಧಿಕಾರವೂ ಅವನದ್ದೇ. ಹೊರಗೆ ಹಾಕಿದವರು ಒಳಗೆ ಕರೆಯುವತನಕ ಗುಣವಾದದ್ದು ಅರ್ಧ. ನಮ್ಮ ಊರಿನಲ್ಲಿ ಆ ಅಧಿಕಾರ ಕುಲದ ಯಜಮಾನರದ್ದು, ಅತ್ತೆಯದ್ದು, ಹೋಟೆಲಿನವನದ್ದು. ಆಮೇಲಿಂದ ಕಾಗದ ಕೊಡುವುದಕ್ಕೆ ಯಜಮಾನರನ್ನೂ ಕರೆಸಿ, ಅವರ ಎದುರಿಗೆ ಗುಣವಾದವನ ಮನೆಯಲ್ಲಿ ಅವನ ಕೈಯಿಂದಲೇ ನೀರು ತೆಗೆದುಕೊಂಡು ಕುಡಿಯತೊಡಗಿದೆವು. ಎಲ್ಲ ಕಡೆಯೂ ಫಲಿಸಿತು ಎನ್ನಲಾರೆ. ದೇಶದ ಕಾನೂನೇ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪುವುದನ್ನು ನಿಲ್ಲಿಸಿದ್ದು 2019ರಲ್ಲಿ.

ಸುದರ್ಶನ್ ಅವರ ಕೆಲಸದಿಂದ ಇನ್ನೊಂದು ಸಂಗತಿಯನ್ನೂ ಕಲಿತೆ. ಅವರಿಗೆ ವಿವೇಕಾನಂದರೂ ದೀಪ, ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಸರ್ ಕೂಡ ದೀಪ. ಸೋಲಿಗರಿಗೆ ಮದ್ದು ಕೊಡಲು ಹೋದ ಆ ಡಾಕ್ಟರು ಶಾಲೆಗೆ, ಕಸುಬಿಗೆ, ಸಂಘಕ್ಕೆ ಹೊರಳಿಕೊಂಡರು. ಮುಂದೆ ಸೋಲಿಗರೇ ತಮ್ಮ ಸಂಘದ ಬಲದಿಂದ ಕಾಡಿನ ಹಕ್ಕು ಕೇಳಿ, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸಮುದಾಯ ಅರಣ್ಯ ಹಕ್ಕು ಪಡೆದರು. ನಾವು ಕ್ರೈಸ್ತರು ಸೇವೆ ನಮ್ಮದೇ ಸ್ವತ್ತು ಎನ್ನುವ ಹಾಗೆ ಮಾತಾಡುವುದುಂಟು. ಆ ಬೆಟ್ಟ ಹತ್ತಿ ಇಳಿದ ಮೇಲೆ ನನಗೆ ಆ ಮಾತು ಆಡಲು ಆಗಲಿಲ್ಲ.

4. ಭಯದ ಕಾಯಿಲೆ ಬೆನ್ನುನೋವಾಗಿ ಬರುತ್ತದೆ

ಈ ಪಾಠ ಕಲಿಯುವುದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇದರ ಬಗ್ಗೆ ಬರೆಯುವಾಗ ಇಂದಿಗೂ ಕೈ ತಡೆಯುತ್ತದೆ.

ಗೋಪಿನಾಥಂ, ಮಾರ್ಟಳ್ಳಿ, ಸುಳ್ವಾಡಿ, ಹೂಗ್ಯಂ, ಪಾಲಾರ್ ಸುತ್ತಿನ ಜನ ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ ಎರಡು ಬಂದೂಕುಗಳ ನಡುವೆ ಬದುಕಿದರು. ಗೋಪಿನಾಥಂನಲ್ಲಿ ಜನರಿಗೆ ಮನೆ ಕಟ್ಟಿಸಿ, ಔಷಧಿ ಕೊಟ್ಟು, ಮಾರಿಯಮ್ಮನ ಗುಡಿ ಕಟ್ಟಿಸಿದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು 1991ರ ನವೆಂಬರ್ 10ರಂದು ವೀರಪ್ಪನ್ ಕೊಂದ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬ್ ಸಿಡಿದು 22 ಮಂದಿ ಸತ್ತರು. 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯ ಅವರ ಮನೆಯಿಂದಲೇ ಹೊತ್ತೊಯ್ದರು. ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಹೆಣ. ಇನ್ನೊಂದು ಕಡೆ, ವೀರಪ್ಪನ್‌ಗೆ ಅಕ್ಕಿ ಕೊಟ್ಟಿರಿ, ದಾರಿ ತೋರಿಸಿದಿರಿ ಎಂದು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಕಾರ್ಯಪಡೆಯವರು ಹಳ್ಳಿಯವರನ್ನು ಹಿಡಿದೊಯ್ದರು. ಹಾಗೆ ಹೋದವರ ಮೇಲೆ ನಡೆದ ದೌರ್ಜನ್ಯವನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದ ಸಮಿತಿ ಮಾಡಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು.

ಆ ಹಳ್ಳಿಗಳ ಹೆಂಗಸರು ನಮ್ಮ ಕ್ಯಾಂಪುಗಳಿಗೆ ಬರುತ್ತಿದ್ದರು. ಬೆನ್ನುನೋವು, ತಲೆನೋವು, ನಿದ್ದೆಯಿಲ್ಲ, ಎದೆ ಡವಡವ. ನಾನು ನೋವಿನ ಮಾತ್ರೆ, ಬಿ ಕಾಂಪ್ಲೆಕ್ಸ್ ಕೊಟ್ಟು ಕಳಿಸುತ್ತಿದ್ದೆ. "ರಕ್ತ ಕಮ್ಮಿ ಇದೆ, ಸೊಪ್ಪು ತಿನ್ನಿ" ಎಂದು ಚೀಟಿ ಬರೆಯುತ್ತಿದ್ದೆ. ಒಬ್ಬಳನ್ನೂ "ನಿನಗೇನಾಯಿತು" ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರಬಹುದೆಂಬ ಹೆದರಿಕೆ ನನ್ನೊಳಗಿತ್ತು. ಉತ್ತರ ಕೇಳಿಸಿಕೊಂಡವಳು ಸುಮ್ಮನಿರಲಾಗದು, ಸುಮ್ಮನಿರದಿದ್ದರೆ ನಮ್ಮ ಕೆಲಸಕ್ಕೇ ಸಂಚಕಾರ ಎಂದು ಲೆಕ್ಕ ಹಾಕಿದ್ದೆ. ಆ ಲೆಕ್ಕವನ್ನು ವಿವೇಕ ಎಂದು ಕರೆದುಕೊಂಡಿದ್ದೆ.

ವೀರಪ್ಪನ್ ಸತ್ತು (2004ರ ಅಕ್ಟೋಬರ್ 18) ವರ್ಷಗಳಾದ ಮೇಲೆ ಒಬ್ಬ ತಾಯಿ, ರಕ್ತದೊತ್ತಡ ನೋಡಿಸಿಕೊಳ್ಳುತ್ತ, ನಾನು ಕೇಳದೆಯೇ ಹೇಳತೊಡಗಿದಳು. ಗಂಡನನ್ನು ಕರೆದೊಯ್ದ ರಾತ್ರಿ, ಆಮೇಲೆ ಅವಳನ್ನೂ ಕರೆದೊಯ್ದದ್ದು. ಪಟ್ಟಿ ಅವಳ ತೋಳಿಗೆ ಕಟ್ಟಿದ ಹಾಗೇ ಇತ್ತು. ಪೂರ್ತಿ ಹೇಳಿ ಮುಗಿಸಿ "ಈಗ ನೋಡವ್ವ, ಎಷ್ಟಿದೆ" ಎಂದಳು. ಇಷ್ಟು ವರ್ಷ ಯಾರಿಗೂ ಏಕೆ ಹೇಳಲಿಲ್ಲ ಎಂದು ಕೇಳಿದೆ. ಯಾರೂ ಕೇಳಲಿಲ್ಲ ಎಂದಳು.

ಆಗ ನನಗೆ ನೆನಪಾದದ್ದು ರಕ್ತಸ್ರಾವದ ಹೆಂಗಸಿನ ಕಥೆ. ಗುಂಪಿನಲ್ಲಿ ಹಿಂದಿನಿಂದ ಬಂದು ಬಟ್ಟೆಯ ಅಂಚು ಮುಟ್ಟಿದ ಕ್ಷಣಕ್ಕೇ ಅವಳ ಮೈ ಗುಣವಾಗಿತ್ತು. ಅಷ್ಟಕ್ಕೇ ಯೇಸು ನಡೆದು ಹೋಗಬಹುದಿತ್ತು, ಸಾಯುತ್ತಿದ್ದ ಒಂದು ಮಗುವಿನ ಮನೆಗೆ ಅವಸರದಲ್ಲಿ ಹೊರಟಿದ್ದವನು. ಆದರೂ ನಿಂತ. ಅವಳು ನಡುಗುತ್ತ ತನ್ನ ಸಂಗತಿಯನ್ನೆಲ್ಲ ಎಲ್ಲರ ಎದುರಿಗೆ ಹೇಳಿ ಮುಗಿಸುವವರೆಗೆ ನಿಂತ. ಅವಳನ್ನು ಮಗಳೇ ಎಂದ. ಹೇಳಿಕೊಳ್ಳುವುದೂ ಅದನ್ನು ಊರು ಕೇಳಿಸಿಕೊಳ್ಳುವುದೂ ಗುಣವಾಗುವುದರ ಭಾಗ ಎಂದು ನಾನು ಅಲ್ಲಿಂದ ಕಲಿಯಬಹುದಿತ್ತು.

ಪಾಲಾರ್ ಪ್ರಕರಣದಲ್ಲಿ ಮರಣದಂಡನೆಯಾಗಿದ್ದ ನಾಲ್ವರ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2014ರ ಜನವರಿಯಲ್ಲಿ ಜೀವಾವಧಿಗೆ ಇಳಿಸಿತು. ಅವರಲ್ಲಿ ಮಾರ್ಟಳ್ಳಿ ಭಾಗದ ಕ್ರೈಸ್ತರೂ ಇದ್ದರು. ಬಾಂಬಿನಲ್ಲಿ ಸತ್ತವರ ಮನೆಯವರಿಗೂ ಕಣ್ಣೀರು, ಜೈಲಿನಲ್ಲಿದ್ದವರ ಮನೆಯವರಿಗೂ ಕಣ್ಣೀರು. ನಮ್ಮ ಸಭೆಗಳಲ್ಲಿ ಇಬ್ಬರಿಗಾಗಿಯೂ ಒಂದೇ ಉಸಿರಿನಲ್ಲಿ ಪ್ರಾರ್ಥಿಸಿದ್ದನ್ನು ನಾನು ಹೆಚ್ಚು ಕೇಳಿಲ್ಲ. ನಾನೂ ಗಟ್ಟಿಯಾಗಿ ಪ್ರಾರ್ಥಿಸಿದ್ದಿಲ್ಲ.

5. ಅವಘಡದ ದಿನ ಎಲ್ಲರೂ ಬರುತ್ತಾರೆ, ಮಾರನೆಯ ವರ್ಷ ಬನ್ನಿ

2018ರ ಡಿಸೆಂಬರ್ 14, ಶುಕ್ರವಾರ. ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮನ ಗುಡಿಯಲ್ಲಿ ಗೋಪುರದ ಶಂಕುಸ್ಥಾಪನೆ. ಪ್ರಸಾದ ತಿಂದವರು ಒಬ್ಬೊಬ್ಬರಾಗಿ ಬಿದ್ದರು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಪ್ರಸಾದಕ್ಕೆ ಬೆರೆಸಿದ್ದರು. 17 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಗುಡಿಯ ಆಡಳಿತದ ಹಿಡಿತಕ್ಕಾಗಿ ಹೀಗೆ ಮಾಡಿದರು ಎಂಬುದು ಪೊಲೀಸರ ಆರೋಪ. ಕಾಮಗೆರೆ, ಕೊಳ್ಳೇಗಾಲ, ಮೈಸೂರು, ಎಲ್ಲ ಕಡೆಯ ಆಸ್ಪತ್ರೆಗಳಲ್ಲಿ ಅಂದು ಜಾತಿ ಮತ ಕೇಳದೆ ಜನ ದುಡಿದರು. ಮಾರ್ಟಳ್ಳಿಯ ಕ್ರೈಸ್ತರಿಗೆ ಸತ್ತವರು ನೆರೆಯವರು, ಜೊತೆಯಲ್ಲಿ ಕೂಲಿ ಮಾಡಿದವರು.

ನಾನು ಸುಳ್ವಾಡಿ ಬಳಿಯ ಬಿದರಹಳ್ಳಿ ಸುತ್ತಿನ ಮನೆಗಳಿಗೆ ಹೋದದ್ದು ಎಲ್ಲ ಮುಗಿದ ಮೇಲೆ, ಒಂದು ತಂಡದ ಜೊತೆ, ಕೈಯಲ್ಲಿ ಪ್ರಶ್ನೆಗಳ ಪಟ್ಟಿ ಹಿಡಿದು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಆ ದಿನ ನೆನಪಾಗುತ್ತದೆಯೇ ಎಂದು ಕೇಳುತ್ತ ಹೋದೆವು. ಅಪ್ಪ ಅಮ್ಮನನ್ನು ಕಳೆದುಕೊಂಡ ಮನೆಯ ಒಬ್ಬ ಹುಡುಗಿ, ಪೇಪರಿನವರು ಕೇಳಿದರು, ಪೊಲೀಸರು ಕೇಳಿದರು, ಈಗ ನೀವು ಎಂದಳು. ಪಟ್ಟಿಯನ್ನು ಚೀಲಕ್ಕೆ ಹಾಕಿದೆ. ಆಮೇಲೆ ಹೋದಾಗಲೆಲ್ಲ ಸುಮ್ಮನೆ ಹೋಗಿ ಕೂತೆ, ಕಡಲೆಕಾಯಿ ಸುಲಿದೆ, ಪೆನ್ಶನ್ ಅರ್ಜಿ ಬರೆದುಕೊಟ್ಟೆ. ಬದುಕಿದವರಲ್ಲಿ ಎಷ್ಟೋ ಮಂದಿಗೆ ಕೈಕಾಲಿನ ಶಕ್ತಿ ಹಿಂದಿನ ಹಾಗಿರಲಿಲ್ಲ, ಕೂಲಿ ನಡೆಯುತ್ತಿರಲಿಲ್ಲ. ಗುಡಿಯ ಬಾಗಿಲು ಎರಡು ವರ್ಷದ ಹತ್ತಿರ ಮುಚ್ಚಿತ್ತು. ದೇವಿಗೆ ಪೂಜೆ ನಿಂತಿತಲ್ಲ ಎನ್ನುವ ಸಂಕಟ ಅವರಿಗೆ ದೊಡ್ಡದಾಗಿತ್ತು. 2020ರಲ್ಲಿ ಬಾಗಿಲು ತೆರೆದಾಗ ಅವರ ಮುಖದಲ್ಲಿ ಬಂದ ಸಮಾಧಾನವನ್ನು ನೋಡಿ ನಾನೂ ದೇವರಿಗೆ ಸ್ತೋತ್ರ ಹೇಳಿದೆ. ನನ್ನ ನಂಬಿಕೆ ಬೇರೆ. ಆದರೂ ಅವರ ಗುಡಿಯ ಬಾಗಿಲು ತೆರೆಯದೆ ಆ ಊರು ಗುಣವಾಗುತ್ತಿರಲಿಲ್ಲ ಎಂದು ನನಗೆ ಖಂಡಿತ ಅನ್ನಿಸುತ್ತದೆ.

6. ಮೊದಲು ನಮ್ಮ ಪಂಕ್ತಿ

ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ಹಲವು ಹಳ್ಳಿಯ ಹೆಂಗಸರು ಬಂದಿದ್ದರು. ಅಡುಗೆಗೆ ಇದ್ದವಳು ಕೇರಿಯವಳು. ಕೆಲವರು ಊಟದ ಹೊತ್ತಿಗೆ ಹೊಟ್ಟೆ ಸರಿಯಿಲ್ಲ ಎಂದು ಎದ್ದು ಹೋದರು, ಕೆಲವರು ಬುತ್ತಿ ಬಿಚ್ಚಿದರು. ತರಬೇತಿ ನಿಲ್ಲಬಾರದೆಂದು ನಾನು ಮಾರನೆಯ ದಿನ ಬೇರೆ ಅಡುಗೆಯವರನ್ನು ಕರೆಸಿದೆ. ಅಡುಗೆಯವಳು ಏನೂ ಹೇಳದೆ ತನ್ನ ಕೂಲಿ ತೆಗೆದುಕೊಂಡು ಹೋದಳು. ಬೆಳಿಗ್ಗೆಯ ಧ್ಯಾನಕ್ಕೆ ನಾನು ಅಂದು ಆರಿಸಿಕೊಂಡಿದ್ದ ಭಾಗ, ಯೇಸು ಸುಂಕದವರ ಜೊತೆ ಊಟಕ್ಕೆ ಕೂತದ್ದು.

ಇದನ್ನು ಬೇರೆಯವರ ಜಾತಿಯ ಕಥೆ ಎಂದು ಓದಬೇಡಿ. ಬುತ್ತಿ ಬಿಚ್ಚಿದವರಲ್ಲಿ ಕ್ರೈಸ್ತರೂ ಇದ್ದರು. ದಕ್ಷಿಣದ ಅನೇಕ ಸಭೆಗಳಲ್ಲಿ ಕೂರುವ ಜಾಗ, ಮದುವೆಯ ಸಂಬಂಧ, ಕೊನೆಗೆ ಸಮಾಧಿಯ ನೆಲದಲ್ಲೂ ಹಳೆಯ ಗೆರೆ ಉಳಿದಿದೆ. ಪರಿಶಿಷ್ಟ ಜಾತಿಗಳ 1950ರ ಆದೇಶದಲ್ಲಿ ಮೊದಲು ಬಹುತೇಕ ಹಿಂದೂಗಳು ಮಾತ್ರ ಇದ್ದರು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೆ. ಸರ್ಕಾರದ ಬಾಗಿಲಲ್ಲಿ ನಿಂತು ನಮಗೂ ಜಾತಿಯ ನೋವಿದೆ ಎನ್ನುವ ನಾವು, ಆ ನೋವು ಕೊಡುವುದರಲ್ಲಿ ನಮ್ಮ ಪಾಲನ್ನೂ ಒಪ್ಪಿಕೊಳ್ಳಬೇಕು.

ನನಗೆ ದಾರಿ ತೋರಿಸಿದ್ದು ಚಿಕ್ಕಲ್ಲೂರು. ಕೊಳ್ಳೇಗಾಲದ ಹತ್ತಿರದ ಆ ಜಾತ್ರೆಯಲ್ಲಿ ಸಿದ್ದಪ್ಪಾಜಿಯ ಒಕ್ಕಲುಗಳು ಪಂಕ್ತಿಸೇವೆ ಮಾಡುತ್ತಾರೆ. ಮಂಟೇಸ್ವಾಮಿಯ ಪರಂಪರೆಯ ಜನ, ಹಲವು ಜಾತಿಯವರು, ಬಯಲಿನಲ್ಲಿ ಅಡುಗೆ ಮಾಡಿ ಒಟ್ಟಿಗೆ ಕೂತು ಉಣ್ಣುತ್ತಾರೆ. ನನ್ನ ಜೊತೆ ಬಂದಿದ್ದ ಕಾರ್ಯಕರ್ತೆಯೊಬ್ಬಳು "ನಮ್ಮ ತರಬೇತಿಯಲ್ಲಿ ಯಾಕಾಗಲ್ಲ ಇದು" ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಮುಂದಿನ ತರಬೇತಿಗೆ ಬರುವ ಮೊದಲೇ ಎಲ್ಲರಿಗೂ ಹೇಳಿ ಕಳಿಸಿದೆವು: ಅಡುಗೆ ಸರದಿಯ ಮೇಲೆ, ಊಟ ಒಂದೇ ಪಂಕ್ತಿ, ಆಗದವರು ಬರುವುದು ಬೇಡ. ಕೆಲವರು ಬರಲಿಲ್ಲ. ಬಂದವರು ಮಧ್ಯಾಹ್ನ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿಕೊಂಡು ಉಂಡರು. ಹಿಂದೆ ಕಳಿಸಿಬಿಟ್ಟಿದ್ದ ಆ ಅಡುಗೆಯವಳ ಮನೆಗೂ ಹೋಗಿ ಕರೆದೆ. ಅವಳು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

7. ಕುಡಿತ ಬಿಡಿಸುವ ಮೊದಲು ಸಾಲದ ಪುಸ್ತಕ ನೋಡಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ಮಾರಾಟ ನಿಂತಾಗ ನಾವು ಗೆದ್ದೆವೆಂದುಕೊಂಡೆವು. ಕುಡಿತ ಅಂಗಡಿ ಬದಲಿಸಿತು ಅಷ್ಟೇ. ಗಂಡಸರಿಗೆ ಪ್ರತಿಜ್ಞೆ ಮಾಡಿಸುವ ಕೂಟಗಳನ್ನು ನಡೆಸಿದ್ದೆ. ಅವರಲ್ಲಿ ಎಷ್ಟೋ ಮಂದಿ ಕ್ವಾರಿಯ ದೂಳು ಕುಡಿದು ಬಂದವರು, ಇಲ್ಲವೇ ಮಳೆ ಹೋಗಿ ಊರು ಬಿಟ್ಟು ತಿರುಪ್ಪೂರು, ಕೊಯಮತ್ತೂರಿಗೆ ದುಡಿಯಲು ಹೋಗಿ ಮರಳಿದವರು. ಮನೆಯಲ್ಲಿ ಹೆಂಡತಿಯ ಹೆಸರಿನಲ್ಲಿ ವಾರದ ಕಂತು. ನಾವು ಹೆಂಗಸರ ಬಲಕ್ಕೆಂದು ಕಟ್ಟಿದ ಸಂಘಗಳೇ ಸಾಲ ವಸೂಲಿಯ ಕೂಟಗಳಾಗಿ, ಕಂತು ಕಟ್ಟದವಳ ಮನೆಮುಂದೆ ಮಿಕ್ಕ ಹೆಂಗಸರು ಕೂರುವ ಹಾಗಾದದ್ದನ್ನು ನಾನು ಕಣ್ಣಾರೆ ಕಂಡು, ತಡೆಯಲಿಲ್ಲ. ಶಿಸ್ತು ಎಂದುಕೊಂಡೆ. ನಮ್ಮ ಜಿಲ್ಲೆಯ ಕುಟುಂಬಗಳು ಸಾಲಗಾರರ ಕಾಟಕ್ಕೆ ಊರು ಬಿಟ್ಟು, 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರು ಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಾಗ ಆ ಮನೆಮುಂದಿನ ಸಾಲು ಕಣ್ಣಿಗೆ ಕಟ್ಟಿತು. ನಮ್ಮ ಸಾಲವನ್ನು ಮನ್ನಿಸು ಎಂದು ದಿನವೂ ಪ್ರಾರ್ಥಿಸುವ ಜನ ನಾವು. ಹಳೆಯ ಒಡಂಬಡಿಕೆಯಲ್ಲಿ ಸಾಲ ಮನ್ನಾ ಮಾಡಿ ಆಳುಗಳನ್ನು ಬಿಡುವ ವರ್ಷವನ್ನೇ ದೇವರು ಕ್ಯಾಲೆಂಡರಿನಲ್ಲಿ ಇಟ್ಟಿದ್ದಾನೆ.

8. ನಮ್ಮ ಜೀಪು ರಸ್ತೆಯಾಗಲಾರದು

ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳಿಂದ ಬಸುರಿಯರನ್ನು ಡೋಲಿ ಕಟ್ಟಿ ಹೊತ್ತು ತರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹೊರಗಿನ ದಾನಿಗಳ ಹಣದಲ್ಲಿ ನಮಗೊಂದು ಜೀಪು ಬಂತು. ಹೋಗಲಾಗುವಷ್ಟು ದೂರ ಹೋಗಿ ಹೆಂಗಸರನ್ನು ಕರೆತಂದೆವು, ಹೆರಿಗೆಗಳಾದವು, ಫೋಟೋಗಳು ದಾನಿಗಳಿಗೆ ಹೋದವು. ಹಣ ನಿಂತಾಗ ಜೀಪೂ ನಿಂತಿತು. ಊರಿನವರು ಮತ್ತೆ ಡೋಲಿ ಕಟ್ಟಿದರು. ಜೀಪು ಓಡುತ್ತಿದ್ದ ಆ ಕಾಲದಲ್ಲಿ ಊರಿನವರ ಜೊತೆ ಕೂತು ರಸ್ತೆಗೆ, ಉಪಕೇಂದ್ರಕ್ಕೆ ಅರ್ಜಿ ಬರೆಯಬಹುದಿತ್ತು. ಗ್ರಾಮಸಭೆಗೆ ಹೋಗಬಹುದಿತ್ತು. ಅದು ರಾಜಕೀಯ, ನಮ್ಮದು ಸೇವೆ ಎಂದು ನಾನು ಹೇಳುತ್ತಿದ್ದೆ. ಆ ಮಾತಿನಿಂದ ನನಗೆ ನೆಮ್ಮದಿಯಿತ್ತು, ಅವರಿಗೆ ಡೋಲಿ.

2024ರ ಏಪ್ರಿಲ್ 26ರಂದು ಲೋಕಸಭೆ ಚುನಾವಣೆಯ ದಿನ ಅದೇ ಕಾಡಿನ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕಾರವಾಗಿ, ಗಲಾಟೆಯಾಗಿ, ಮತಗಟ್ಟೆಯೇ ಧ್ವಂಸವಾಯಿತು. 29ರಂದು ಮರುಮತದಾನ. ಒಡೆದದ್ದು ಸರಿಯೆಂದು ನಾನು ಹೇಳುವುದಿಲ್ಲ. ಕೇಸು, ಬಂಧನ, ಮನೆ ಬಿಟ್ಟು ಓಡಿದ ಗಂಡಸರು, ಕಷ್ಟವೆಲ್ಲ ಮತ್ತೆ ಆ ಊರಿಗೇ. ಆದರೆ ಅಷ್ಟು ಸಿಟ್ಟು ಒಂದು ದಿನದಲ್ಲಿ ಕೂಡಿಕೊಂಡದ್ದಲ್ಲ. ಅದು ಬೆಳೆಯುತ್ತಿದ್ದ ವರ್ಷಗಳಲ್ಲಿ ನಾವು ಅಲ್ಲೆಲ್ಲ ಓಡಾಡಿದ್ದೆವು, ಬಿಪಿ ನೋಡಿದ್ದೆವು, ಕಬ್ಬಿಣಾಂಶದ ಮಾತ್ರೆ ಹಂಚಿದ್ದೆವು.

ಈಗ ನಮ್ಮ ಜೊತೆ ಕೆಲಸ ಮಾಡುವ ಹುಡುಗಿಯರ ಚೀಲದಲ್ಲಿ ಎರಡು ಪುಸ್ತಕ ಇರುತ್ತವೆ. ಒಂದರಲ್ಲಿ ಬಸುರಿಯರ ತೂಕ, ರಕ್ತದ ಲೆಕ್ಕ. ಇನ್ನೊಂದರಲ್ಲಿ ಯಾವ ಅರ್ಜಿ ಯಾವ ತಾರೀಕು ಯಾರಿಗೆ ಕೊಟ್ಟದ್ದು, ಯಾವ ಅಧಿಕಾರಿ ಏನು ಹೇಳಿದ್ದು, ಯಾವ ಕೈಪಂಪು ಕೆಟ್ಟಿದೆ, ಯಾರ ಮನೆಯ ಹೊರಗೆ ಯಾರನ್ನು ಮಲಗಿಸಿದ್ದಾರೆ. ತಿಂಗಳ ಕೂಟದಲ್ಲಿ ಪ್ರಾರ್ಥನೆಗೆ ಮೊದಲು ಎರಡನ್ನೂ ಓದುತ್ತೇವೆ. ಎರಡನೆಯ ಪುಸ್ತಕ ಓದಿ ಮುಗಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ. ಕಳೆದ ಬಾರಿ ಅದರಲ್ಲಿದ್ದ ಒಂದು ಪಂಪು ರಿಪೇರಿಯಾಗಿತ್ತು. ಮಿಕ್ಕವನ್ನು ಮುಂದಿನ ತಿಂಗಳ ಹಾಳೆಗೆ ಮತ್ತೆ ಬರೆದುಕೊಂಡರು.